‘ಅವನೇ ಹಾಗೆ’ ಎನ್ನುವ ಮೊದಲು



ನಿಮ್ಮಲ್ಲಿ ಕೆಲವರು ಹೈಸ್ಕೂಲಿನಲ್ಲಿ ಎಪಿ ಸೈಕಾಲಜಿ ಓದಿರುತ್ತೀರಿ. ಕೆಲವರು ಕಾಲೇಜಿನ ಮೊದಲ ವರ್ಷದಲ್ಲಿ ಆ ವಿಷಯ ತೆಗೆದುಕೊಂಡಿರುತ್ತೀರಿ. ಆ ಪುಸ್ತಕದಲ್ಲಿ ‘ಸೋಶಿಯಲ್ ಸೈಕಾಲಜಿ’ ಎಂಬ ಒಂದು ಅಧ್ಯಾಯ ಇರುತ್ತದೆ. ಕನ್ನಡದಲ್ಲಿ ಅದಕ್ಕೆ ಸಾಮಾಜಿಕ ಮನೋವಿಜ್ಞಾನ ಎನ್ನುತ್ತೇವೆ. ನಾವು ಬೇರೆಯವರ ಬಗ್ಗೆ ಹೇಗೆ ಯೋಚಿಸುತ್ತೇವೆ, ಒಬ್ಬರ ಮೇಲೊಬ್ಬರು ಹೇಗೆ ಪ್ರಭಾವ ಬೀರುತ್ತೇವೆ, ಗುಂಪಿನಲ್ಲಿದ್ದಾಗ ಯಾಕೆ ಬೇರೆಯೇ ಮನುಷ್ಯರಾಗುತ್ತೇವೆ ಎನ್ನುವುದು ಅದರ ವಿಷಯ. ಪರೀಕ್ಷೆಗೆ ಓದುವಾಗ ಅದು ಹೆಸರುಗಳ ಪಟ್ಟಿಯಂತೆ ಕಾಣುತ್ತದೆ. ಆದರೆ ಆ ಪಟ್ಟಿಯಲ್ಲಿ ಎರಡು ಊರುಗಳು ಅಡಗಿ ಕೂತಿವೆ. ಒಂದು, ನಮ್ಮ ಮಾರಿಸ್‌ವಿಲ್‌ನಿಂದ ಕಾರಿನಲ್ಲಿ ಇಪ್ಪತ್ತು ನಿಮಿಷಕ್ಕೆ ಸಿಗುವ ಡರ್ಹಂ. ಇನ್ನೊಂದು, ನಿಮ್ಮಲ್ಲಿ ಅನೇಕರ ಅಜ್ಜಿ-ತಾತ ಇರುವ ಮೈಸೂರು. ಈ ಎರಡು ಊರುಗಳ ಕಥೆಯನ್ನು ಇವತ್ತು ಹೇಳುತ್ತೇನೆ.

ಅದಕ್ಕೂ ಮೊದಲು ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಕಾರ್ಯಕ್ರಮದಲ್ಲಿ ಮೈಕು, ಸ್ಪೀಕರ್ ನೋಡಿಕೊಳ್ಳುವ ಕೆಲಸವನ್ನು ಹದಿನೇಳು ವರ್ಷದ ಒಬ್ಬ ಹುಡುಗನಿಗೆ ಒಪ್ಪಿಸಿದ್ದೆ. ಅವನು ಬಂದಾಗ ನಲವತ್ತು ನಿಮಿಷ ತಡವಾಗಿತ್ತು. ಫೋನ್ ಮಾಡಿದರೆ ಎತ್ತಿರಲಿಲ್ಲ. ಸಭೆಯಲ್ಲಿ ಜನ ಕಾಯುತ್ತಿದ್ದರು, ನನಗೂ ತಲೆ ಕೆಟ್ಟಿತ್ತು. ಅವನು ಒಳಗೆ ಬಂದ ಕೂಡಲೇ ನಾಲ್ಕು ಜನರ ಮುಂದೆ, “ಜವಾಬ್ದಾರಿ ಅನ್ನೋದೇ ಇಲ್ಲ ಈ ಮಕ್ಕಳಿಗೆ, ಇಲ್ಲಿ ಬೆಳೆದವರೇ ಹೀಗೆ” ಅಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ತಂತಿ ಜೋಡಿಸಿದ, ಕಾರ್ಯಕ್ರಮ ಮುಗಿಸಿಕೊಟ್ಟ, ಹೊರಟುಹೋದ. ಊರಿನಿಂದ ಬಂದಿದ್ದ ಅವನ ಅಜ್ಜಿಗೆ ಅವತ್ತು ಬೆಳಿಗ್ಗೆ ತಲೆಸುತ್ತು ಬಂದು ಬಿದ್ದಿದ್ದರು. ಅಪ್ಪ-ಅಮ್ಮ ಇಬ್ಬರೂ ಕೆಲಸದಲ್ಲಿದ್ದರು. ಅಜ್ಜಿಗೆ ಇಂಗ್ಲಿಷ್ ಬಾರದು, ಹಾಗಾಗಿ ಅಮ್ಮ ಬರುವವರೆಗೂ ಅವನು ಅವರ ಪಕ್ಕದಲ್ಲೇ ಕೂತಿದ್ದ. ಇದು ನನಗೆ ತಿಳಿದದ್ದು ಎರಡು ವಾರ ಆದಮೇಲೆ, ಅದೂ ಬೇರೆಯವರ ಬಾಯಿಂದ. ಆ ಹುಡುಗ ಮತ್ತೆ ನಮ್ಮ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ನಾನು ಮಾಡಿದ ತಪ್ಪಿಗೆ ಪುಸ್ತಕದಲ್ಲಿ ಒಂದು ಹೆಸರಿದೆ. ಆ ತಪ್ಪನ್ನು ಪ್ರಯೋಗ ಮಾಡಿ ಮೊದಲು ತೋರಿಸಿಕೊಟ್ಟವರು ಇಲ್ಲೇ ಡರ್ಹಂನಲ್ಲಿದ್ದರು.

ಡರ್ಹಂ, 1967

ಫ್ರಿಟ್ಜ್ ಹೈಡರ್ ಎಂಬ ಮನೋವಿಜ್ಞಾನಿ 1958ರಲ್ಲಿ ಒಂದು ಪುಸ್ತಕ ಬರೆದರು. ಸಾಮಾನ್ಯ ಜನರೂ ದಿನವಿಡೀ ಒಂದು ರೀತಿಯಲ್ಲಿ ವಿಜ್ಞಾನಿಗಳೇ ಎಂಬುದು ಅವರ ವಾದ. ಯಾರಾದರೂ ಏನಾದರೂ ಮಾಡಿದರೆ ನಾವು ಸುಮ್ಮನಿರುವುದಿಲ್ಲ, ಯಾಕೆ ಹಾಗೆ ಮಾಡಿದ ಎಂದು ಕೇಳುತ್ತೇವೆ. ಉತ್ತರ ಎರಡು ಕಡೆ ಸಿಗಬಹುದು. ಒಂದು, ಆ ಮನುಷ್ಯನ ಒಳಗೆ, ಅಂದರೆ ಅವನ ಸ್ವಭಾವದಲ್ಲಿ. ಇನ್ನೊಂದು, ಹೊರಗೆ, ಅಂದರೆ ಅವನ ಪರಿಸ್ಥಿತಿಯಲ್ಲಿ. ಐ-40ರಲ್ಲಿ ಒಬ್ಬ ನಮ್ಮ ಕಾರಿಗೆ ಅಡ್ಡ ನುಗ್ಗಿದರೆ ‘ಎಂಥಾ ಸೊಕ್ಕಿನ ಮನುಷ್ಯ’ ಎನ್ನುತ್ತೇವೆ. ನಾವೇ ಹಾಗೆ ನುಗ್ಗಿದರೆ ‘ಎಕ್ಸಿಟ್ ತಪ್ಪಿಹೋಗ್ತಿತ್ತು’ ಎನ್ನುತ್ತೇವೆ. ನುಗ್ಗುವುದು ಅದೇ ನುಗ್ಗುವುದು, ಕಾರಣ ಮಾತ್ರ ಬೇರೆ ಬೇರೆ.

ಎಡ್ವರ್ಡ್ ಜೋನ್ಸ್ ಅವರು 1950ರ ದಶಕದಿಂದ 1977ರವರೆಗೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಅವರೂ ವಿಕ್ಟರ್ ಹ್ಯಾರಿಸ್ ಅವರೂ ಸೇರಿ 1967ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅದು ಕ್ಯೂಬಾದ ನಾಯಕ ಫಿಡೆಲ್ ಕ್ಯಾಸ್ಟ್ರೊ ಹೆಸರು ಕೇಳಿದರೆ ಅಮೆರಿಕನ್ನರು ಸಿಡಿಮಿಡಿಗೊಳ್ಳುತ್ತಿದ್ದ ಕಾಲ. ವಿದ್ಯಾರ್ಥಿಗಳಿಗೆ ಕ್ಯಾಸ್ಟ್ರೊ ಬಗ್ಗೆ ಒಂದು ಪ್ರಬಂಧ ಓದಲು ಕೊಟ್ಟರು. ಕೆಲವು ಪ್ರಬಂಧಗಳು ಅವನ ಪರವಾಗಿದ್ದವು, ಕೆಲವು ವಿರೋಧವಾಗಿದ್ದವು. ಬರೆದವನು ತನ್ನ ಇಷ್ಟದಂತೆ ಪಕ್ಷ ಆರಿಸಿಕೊಂಡಿದ್ದಾನೆ ಎಂದು ಕೆಲವರಿಗೆ ತಿಳಿಸಿದರು. ಪರವಾಗಿ ಬರೆ ಅಥವಾ ವಿರೋಧವಾಗಿ ಬರೆ ಎಂದು ಅವನಿಗೆ ಮೊದಲೇ ಹೇಳಲಾಗಿತ್ತು, ಬೇರೆ ದಾರಿ ಇರಲಿಲ್ಲ ಎಂದು ಇನ್ನು ಕೆಲವರಿಗೆ ತಿಳಿಸಿದರು. ಆಮೇಲೆ ಎಲ್ಲರಿಗೂ ಕೇಳಿದ ಪ್ರಶ್ನೆ ಒಂದೇ: ಬರೆದವನ ನಿಜವಾದ ಅಭಿಪ್ರಾಯ ಏನಿರಬಹುದು?

ಬೇರೆ ದಾರಿ ಇರಲಿಲ್ಲ ಎಂದು ಗೊತ್ತಿದ್ದವರು ಪ್ರಬಂಧದಿಂದ ಏನನ್ನೂ ತೀರ್ಮಾನಿಸಬಾರದಿತ್ತು. ಆದರೆ ಅವರೂ ಪರವಾಗಿ ಬರೆದವನನ್ನು ಕ್ಯಾಸ್ಟ್ರೊ ಕಡೆಯವನೆಂದೇ ಸ್ವಲ್ಪಮಟ್ಟಿಗೆ ನಂಬಿದರು. ಪರಿಸ್ಥಿತಿ ಕಣ್ಣೆದುರಿಗೇ ಇತ್ತು, ಆದರೂ ಅವರ ಮನಸ್ಸು ಸ್ವಭಾವದ ಕಡೆಗೇ ಓಡಿತು. ಹತ್ತು ವರ್ಷ ಆದಮೇಲೆ, 1977ರಲ್ಲಿ, ಲೀ ರಾಸ್ ಎಂಬುವರು ಇದಕ್ಕೆ ‘ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್’ ಎಂದು ಹೆಸರಿಟ್ಟರು. ಕಾರಣ ಹುಡುಕುವುದರಲ್ಲಿ ಆಗುವ ಮೂಲಭೂತ ತಪ್ಪು ಎಂದು ಅರ್ಥ. ‘ಮೂಲಭೂತ’ ಎಂದರೆ ಇದು ಎಲ್ಲ ಮನುಷ್ಯರಲ್ಲೂ ಇರುವಂಥದು ಎಂದು ಹೆಚ್ಚಿನವರು ತಿಳಿದುಕೊಂಡರು.

ನಿಜವಾಗಿಯೂ ಎಲ್ಲರಲ್ಲೂ ಇದೆಯೇ? ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಒಬ್ಬರು ಮೈಸೂರಿಗೆ ಹೋದರು.

ಮನೋವಿಜ್ಞಾನಿಯ ರೇಡಿಯೊ

ಮೈಸೂರಿಗೆ ಈ ವಿಷಯ ಆಗಲೇ ಹಳೆಯದು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಎಂಟೇ ವರ್ಷಕ್ಕೆ, 1924ರಲ್ಲಿ, ಅಲ್ಲಿ ಮನೋವಿಜ್ಞಾನಕ್ಕೆ ಪ್ರತ್ಯೇಕ ವಿಭಾಗ ತೆರೆದರು. ಇಡೀ ಭಾರತದಲ್ಲಿ ಅದಕ್ಕೂ ಮೊದಲು ಇಂಥ ವಿಭಾಗ ಇದ್ದದ್ದು ಕಲ್ಕತ್ತದಲ್ಲಿ. ಮೈಸೂರಿನ ವಿಭಾಗ ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. ಬುದ್ಧಿಶಕ್ತಿಯ ಬಗ್ಗೆ ಸಂಶೋಧನೆ ಮಾಡಿದ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಹತ್ತಿರ ಲಂಡನ್ನಿನಲ್ಲಿ ಓದಿ ಬಂದವರು. ಮಹಾರಾಜ ಕಾಲೇಜಿನಲ್ಲಿ ಅವರು ಪ್ರಯೋಗಾಲಯವನ್ನೂ ಕಟ್ಟಿದರು.

ಈ ಗೋಪಾಲಸ್ವಾಮಿ ಅವರ ಹೆಸರನ್ನು ನೀವು ಮರೆಯಬಾರದು. ಅದಕ್ಕೆ ಇನ್ನೊಂದು ಕಾರಣ ಇದೆ. 1935ರ ಸೆಪ್ಟೆಂಬರ್ 10ರಂದು ಅವರು ಮೈಸೂರಿನ ತಮ್ಮ ಮನೆಯಿಂದಲೇ ಒಂದು ಸಣ್ಣ ರೇಡಿಯೊ ಕೇಂದ್ರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಆ ಕೇಂದ್ರ ಮೈಸೂರು ಸಂಸ್ಥಾನದ ಕೈಗೆ ಹೋಯಿತು, 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿತು. ಅದೇ ದಶಕದಲ್ಲಿ ಭಾರತದ ಇಡೀ ರೇಡಿಯೊ ಜಾಲವೇ ‘ಆಕಾಶವಾಣಿ’ ಎಂಬ ಹೆಸರನ್ನು ತೆಗೆದುಕೊಂಡಿತು. ಮನಸ್ಸನ್ನು ಓದುವುದು ಕಸುಬಾಗಿದ್ದ ಒಬ್ಬ ಮೇಷ್ಟ್ರು, ದೂರದ ಮನೆಗಳಿಗೆ ಕನ್ನಡದ ದನಿ ಮುಟ್ಟಿಸಲು ಹೊರಟರು. ಇಂಟರ್‌ನೆಟ್ಟಿನಲ್ಲಿ ಕನ್ನಡ ರೇಡಿಯೊ ನಡೆಸುವ ನಾವು, ಕೇಳುವ ನೀವು, ಎಲ್ಲರೂ ಒಂದು ಲೆಕ್ಕದಲ್ಲಿ ಆ ಮನೆಯ ಮೊಮ್ಮಕ್ಕಳೇ.

ಅದೇ ವಿಶ್ವವಿದ್ಯಾಲಯದಲ್ಲಿ ಮುಂದೆ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿ ಅವರು ಸಾಮಾಜಿಕ ಮನೋವಿಜ್ಞಾನಕ್ಕೆ ಒಂದು ಪಠ್ಯಪುಸ್ತಕವನ್ನೇ ಬರೆದರು. ಕುಟುಂಬದ ಯಜಮಾನರ ಓದು, ಕೆಲಸ, ಮನೆಯ ವರಮಾನ ಈ ಮೂರನ್ನು ಕೇಳಿ ಆ ಕುಟುಂಬದ ಸ್ಥಿತಿಗತಿ ಅಳೆಯುವ ಅವರ ಅಳತೆಗೋಲನ್ನು ಭಾರತದ ವೈದ್ಯಕೀಯ ಸಂಶೋಧಕರು ಇಂದಿಗೂ ‘ಕುಪ್ಪುಸ್ವಾಮಿ ಸ್ಕೇಲ್’ ಎಂದೇ ಬಳಸುತ್ತಾರೆ. ಮನುಷ್ಯನನ್ನು ತಿಳಿಯಬೇಕಾದರೆ ಅವನು ನಿಂತಿರುವ ನೆಲವನ್ನೂ ನೋಡಬೇಕು ಎಂಬುದು ಆ ಅಳತೆಗೋಲಿನ ಹಿಂದಿನ ಮಾತು.

ಮೈಸೂರು ಮತ್ತು ಶಿಕಾಗೊ, 1984

ಜೋನ್ ಮಿಲ್ಲರ್ ಎಂಬ ಅಮೆರಿಕನ್ ಸಂಶೋಧಕಿ ಮೈಸೂರಿನಲ್ಲೂ ಶಿಕಾಗೊದಲ್ಲೂ ಒಂದೇ ಪ್ರಶ್ನೆ ಕೇಳಿದರು. ಅದರ ಫಲ 1984ರಲ್ಲಿ ಪ್ರಕಟವಾಯಿತು. ಎಂಟು, ಹನ್ನೊಂದು ಮತ್ತು ಹದಿನೈದು ವರ್ಷದ ಮಕ್ಕಳನ್ನೂ ದೊಡ್ಡವರನ್ನೂ ಅವರು ಮಾತಾಡಿಸಿದರು. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬರು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ, ಒಂದು ಕೆಟ್ಟ ಕೆಲಸ ಹೇಳಿ. ಅವರು ಯಾಕೆ ಹಾಗೆ ಮಾಡಿದರು? ಇಷ್ಟೇ ಪ್ರಶ್ನೆ.

ಶಿಕಾಗೊದ ದೊಡ್ಡವರು ಕೊಟ್ಟ ಕಾರಣಗಳಲ್ಲಿ ಸುಮಾರು ನೂರಕ್ಕೆ 40ರಷ್ಟು ಸ್ವಭಾವದ ಮಾತು: ಅವನು ಉದಾರಿ, ಅವಳು ಸ್ವಾರ್ಥಿ, ಅವರು ಸೋಮಾರಿ. ಮೈಸೂರಿನ ದೊಡ್ಡವರಲ್ಲಿ ಅಂಥ ಮಾತು ಅದರ ಅರ್ಧದಷ್ಟೇ ಇತ್ತು. ಅವರು ಹೆಚ್ಚಾಗಿ ಹೇಳಿದ್ದು ಸಂದರ್ಭದ ಮಾತು: ಆಗ ಅವರ ಮನೆಯಲ್ಲಿ ಕಷ್ಟ ಇತ್ತು, ಅವರು ಸಂಬಂಧಿಕರಾಗಬೇಕು, ಅವತ್ತು ಬೇರೆ ದಾರಿ ಇರಲಿಲ್ಲ.

ಆ ಅಧ್ಯಯನದಲ್ಲಿ ಬರುವ ಒಂದು ಘಟನೆ ಈಗ ಪಠ್ಯಗಳಲ್ಲೂ ಸಿಗುತ್ತದೆ. ಒಬ್ಬ ವಕೀಲ ಮೋಟರ್‌ಸೈಕಲ್ಲಿನಲ್ಲಿ ಕೋರ್ಟಿಗೆ ಹೊರಟಿದ್ದಾನೆ, ಹಿಂದೆ ಒಬ್ಬ ಕೂತಿದ್ದಾನೆ. ಹಿಂದಿನ ಚಕ್ರ ಒಡೆಯುತ್ತದೆ. ಹಿಂದೆ ಕೂತವನು ಬಿದ್ದು ತಲೆಗೆ ಪೆಟ್ಟಾಗುತ್ತದೆ. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸುತ್ತಾನೆ, ಆದರೆ ಪೆಟ್ಟು ಎಷ್ಟು ಗಂಭೀರ ಎಂದು ಡಾಕ್ಟರನ್ನು ವಿಚಾರಿಸದೆ ಕೋರ್ಟಿಗೆ ಹೋಗಿಬಿಡುತ್ತಾನೆ. ಬಿದ್ದವನು ಸಾಯುತ್ತಾನೆ. ವಕೀಲ ಯಾಕೆ ಹಾಗೆ ಮಾಡಿದ? ಅಮೆರಿಕನ್ನರಿಗೆ ಅವನು ಬೇಜವಾಬ್ದಾರಿಯ ಮನುಷ್ಯ, ತನ್ನ ಏಳಿಗೆಯೊಂದನ್ನೇ ನೋಡುವವನು. ಭಾರತೀಯರಿಗೆ ಮೊದಲು ಕಂಡದ್ದು ಬೇರೆ: ಕೋರ್ಟಿನಲ್ಲಿ ಅವನನ್ನೇ ನಂಬಿದ ಕಕ್ಷಿದಾರ ಇದ್ದ, ಅವನಿಗೂ ಗಾಬರಿಯಾಗಿತ್ತು, ಪೆಟ್ಟು ಅಷ್ಟು ದೊಡ್ಡದೆಂದು ಕಂಡಿರಲಿಕ್ಕಿಲ್ಲ.

ಇದರಲ್ಲಿ ಯಾರು ಸರಿ ಎಂದು ನಾನು ಈಗಲೇ ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾದ ಒಂದು ಸಂಗತಿ ಆ ಅಧ್ಯಯನದಲ್ಲಿದೆ. ಎಂಟು ವರ್ಷದ ಮಕ್ಕಳಲ್ಲಿ ಮೈಸೂರಿಗೂ ಶಿಕಾಗೊಗೂ ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ವಯಸ್ಸಾಗುತ್ತ ಹೋದಂತೆ ಶಿಕಾಗೊದ ಮಕ್ಕಳು ಸ್ವಭಾವದ ಕಡೆಗೆ ವಾಲಿದರು, ಮೈಸೂರಿನ ಮಕ್ಕಳು ಸಂದರ್ಭದ ಕಡೆಗೆ ವಾಲಿದರು. ಅಂದರೆ ಇದು ರಕ್ತದಲ್ಲಿ ಬಂದದ್ದಲ್ಲ. ಮನೆಯ ಜಗಲಿಯಲ್ಲಿ, ಊಟದ ಹೊತ್ತಿನ ಮಾತಿನಲ್ಲಿ, ಶಾಲೆಯಲ್ಲಿ ಕಲಿತದ್ದು. ಬೇರೆಯವರನ್ನು ನೋಡುವ ಕಣ್ಣನ್ನೂ ನಮಗೆ ಯಾರೋ ಕಲಿಸಿಕೊಟ್ಟಿರುತ್ತಾರೆ.

ಏರ್‌ಪೋರ್ಟಿನ ಜಗಳ

ಮಿಲ್ಲರ್ ಅವರು ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ 1990ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಈ ಸಲ ಮೈಸೂರಿನ ಜೊತೆಗೆ ಅಮೆರಿಕದ ನ್ಯೂ ಹೇವನ್. ಕಷ್ಟದಲ್ಲಿರುವವರಿಗೆ ಸಹಾಯ ಮಾಡುವುದು ಕರ್ತವ್ಯವೇ, ಇಲ್ಲವೇ ಅವರವರ ಇಷ್ಟವೇ ಎಂಬುದು ಪ್ರಶ್ನೆ. ಪ್ರಾಣಕ್ಕೇ ಅಪಾಯ ಇದ್ದಾಗ ಎರಡೂ ಊರಿನವರು ಕರ್ತವ್ಯ ಎಂದೇ ಹೇಳಿದರು. ಸಣ್ಣಪುಟ್ಟ ಸಹಾಯದ ಮಾತು ಬಂದಾಗ ದಾರಿಗಳು ಬೇರೆಯಾದವು. ಗೆಳೆಯನಿಗೋ ಅಪರಿಚಿತನಿಗೋ ಮಾಡುವ ಸಣ್ಣ ಸಹಾಯವನ್ನು ಅಮೆರಿಕನ್ನರು ಬಹಳ ಮಟ್ಟಿಗೆ ಅವರವರ ಇಷ್ಟಕ್ಕೆ ಬಿಟ್ಟರು. ಮೈಸೂರಿನವರು ಅದನ್ನೂ ಕರ್ತವ್ಯದ ಲೆಕ್ಕಕ್ಕೇ ಸೇರಿಸಿದರು.

ಇದನ್ನು ಓದಿದಾಗ ನನಗೆ ನಮ್ಮ ಮನೆಗಳ ಜಗಳ ನೆನಪಾಯಿತು. ಮಾರಿಸ್‌ವಿಲ್‌ನಲ್ಲಿ ಇರುವವರಿಗೆ ಆರ್‌ಡಿಯು ಏರ್‌ಪೋರ್ಟ್ ಮನೆಯ ಹಿತ್ತಲಿದ್ದ ಹಾಗೆ. ಹಾಗಾಗಿ ಪರಿಚಯದವರ ಅತ್ತೆ, ಮಾವ, ದೊಡ್ಡಪ್ಪ ಯಾರೇ ಬಂದಿಳಿದರೂ ಅಮ್ಮ ನಿಮಗೆ ಹೇಳುತ್ತಾಳೆ: “ಹೋಗಿ ಕರ್ಕೊಂಡು ಬಾಪ್ಪ, ಎಷ್ಟು ಹೊತ್ತಾಗುತ್ತೆ?” ನೀವು “ನನ್ನನ್ನು ಕೇಳದೇ ಯಾಕೆ ಒಪ್ಪಿಕೊಂಡೆ?” ಅನ್ನುತ್ತೀರಿ. ಅಮ್ಮನಿಗೆ ನೀವು ಸ್ವಾರ್ಥಿಯಾಗಿ ಕಾಣುತ್ತೀರಿ. ನಿಮಗೆ ಅಮ್ಮ ದಬ್ಬಾಳಿಕೆಯವಳಾಗಿ ಕಾಣುತ್ತಾಳೆ. ಇಬ್ಬರೂ ಒಬ್ಬರ ಸ್ವಭಾವವನ್ನೊಬ್ಬರು ದೂರುತ್ತಿದ್ದೀರಿ. ಆದರೆ ನಿಜವಾಗಿ ಡಿಕ್ಕಿ ಹೊಡೆದದ್ದು ಎರಡು ಪಾಠಗಳು. ಸಣ್ಣ ಸಹಾಯ ಕೇಳುವ ಮಾತೇ ಅಲ್ಲ, ಮಾಡಲೇಬೇಕಾದದ್ದು ಎಂದು ಅಮ್ಮ ಕಲಿತು ಬಂದಿದ್ದಾಳೆ. ಒಬ್ಬರ ಸಮಯವನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಕೊಡಬಾರದು ಎಂದು ನೀವು ಕಲಿತಿದ್ದೀರಿ. ಎರಡೂ ಗೌರವದ ಪಾಠಗಳೇ.

ಹಾಗಾದರೆ ಎರಡು ಪಾಠಗಳ ನಡುವೆ ಬೆಳೆದ ನಿಮ್ಮ ಗತಿ ಏನು? ಹಾಂಗ್‌ಕಾಂಗಿನ ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದಕ್ಕೊಂದು ಉತ್ತರ ಇದೆ. ಯಿಂಗ್-ಯಿ ಹಾಂಗ್ ಮತ್ತು ಜೊತೆಗಾರರು 2000ದಲ್ಲಿ ಅವನ್ನು ಒಟ್ಟಿಗೆ ಪ್ರಕಟಿಸಿದರು. ಆ ವಿದ್ಯಾರ್ಥಿಗಳು ಚೀನೀ ಸಂಸ್ಕೃತಿಯನ್ನೂ ಪಾಶ್ಚಾತ್ಯ ಸಂಸ್ಕೃತಿಯನ್ನೂ ಬಲ್ಲವರು. ಕೆಲವರಿಗೆ ಮೊದಲು ಅಮೆರಿಕದ ಚಿತ್ರಗಳನ್ನು ತೋರಿಸಿದರು, ಕೆಲವರಿಗೆ ಚೀನಾದ ಚಿತ್ರಗಳನ್ನು. ಆಮೇಲೆ ಎಲ್ಲರಿಗೂ ಒಂದು ಮೀನಿನ ಚಿತ್ರ: ಒಂದು ಮೀನು ಮುಂದೆ, ಉಳಿದವು ಗುಂಪಾಗಿ ಹಿಂದೆ. ಅಮೆರಿಕದ ಚಿತ್ರ ನೋಡಿದವರು ಮುಂದಿನ ಮೀನಿನ ಒಳಗಿನ ಕಾರಣವನ್ನು ಹೆಚ್ಚು ಹುಡುಕಿದರು, ಅದೇ ಮುಂದಾಳು ಎಂಬಂತೆ. ಚೀನಾದ ಚಿತ್ರ ನೋಡಿದವರು ಹಿಂದಿನ ಗುಂಪಿನ ಕಡೆ, ಸುತ್ತಲಿನ ಕಡೆ ಹೆಚ್ಚು ನೋಡಿದರು. ಒಂದೇ ತಲೆಯಲ್ಲಿ ಎರಡು ಕನ್ನಡಕ ಇರಬಹುದು, ಯಾವುದು ಹತ್ತಿರ ಸಿಕ್ಕಿತೋ ಅದನ್ನು ಮನಸ್ಸು ಹಾಕಿಕೊಳ್ಳುತ್ತದೆ. ‘ನೀನು ಅತ್ತ ಅಮೆರಿಕನ್ನೂ ಅಲ್ಲ, ಇತ್ತ ಇಂಡಿಯನ್ನೂ ಅಲ್ಲ’ ಎಂದು ನಿಮ್ಮನ್ನು ಯಾರಾದರೂ ಆಡಿಕೊಂಡರೆ ಇದನ್ನು ನೆನಪಿಸಿಕೊಳ್ಳಿ. ನಿಮ್ಮ ಹತ್ತಿರ ಕಡಿಮೆ ಇಲ್ಲ, ಒಂದು ಹೆಚ್ಚೇ ಇದೆ.

ಇನ್ನೊಬ್ಬ ಮಿಲ್ಲರ್

ಇಲ್ಲಿಗೆ ನಿಲ್ಲಿಸಿದರೆ ‘ನೋಡಿದಿರಾ, ನಮ್ಮವರು ಸಂದರ್ಭ ಅರಿತವರು, ದೊಡ್ಡ ಮನಸ್ಸಿನವರು’ ಎಂದು ಬೆನ್ನು ತಟ್ಟಿಕೊಂಡ ಹಾಗಾಗುತ್ತದೆ. ಅದು ನಿಜವಲ್ಲ. ಮೈಸೂರಿನ ಇತಿಹಾಸದಲ್ಲಿ ಇನ್ನೊಬ್ಬ ಮಿಲ್ಲರ್ ಇದ್ದಾರೆ. ಅವರ ಕಥೆಯನ್ನೂ ಕೇಳಬೇಕು.

ನೂರು ವರ್ಷಗಳ ಹಿಂದೆ ಮೈಸೂರು ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರದೇ ದೊಡ್ಡ ಪಾಲಿತ್ತು, ಜನಸಂಖ್ಯೆಯಲ್ಲಿ ಅವರ ಪಾಲು ಬಹಳ ಸಣ್ಣದು. ಉಳಿದವರು ಯಾಕೆ ಇಲ್ಲ ಎಂದು ಕೇಳಿದರೆ ‘ಅವರಿಗೆ ಓದು ಹತ್ತುವುದಿಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತಿತ್ತು. ಇದೂ ಸ್ವಭಾವದ ಮಾತೇ. ಒಬ್ಬ ಮನುಷ್ಯನ ಬದಲು ಇಡೀ ಸಮುದಾಯಗಳ ಮೇಲೆ, ಅದೂ ಹುಟ್ಟಿನ ಲೆಕ್ಕದಲ್ಲಿ, ಹೊರಿಸಿದ ಮಾತು. ನೆರೆಮನೆಯವನ ತಪ್ಪಿಗೆ ಹತ್ತು ಸಂದರ್ಭ ಹುಡುಕುವ ನಾವು, ಜಾತಿಯ ವಿಷಯ ಬಂದಾಗ ಒಂದನ್ನೂ ಹುಡುಕುತ್ತಿರಲಿಲ್ಲ.

ನ್ಯಾಯ ಕೇಳಲು 1917ರಲ್ಲಿ ‘ಪ್ರಜಾಮಿತ್ರ ಮಂಡಳಿ’ ಎಂಬ ಸಂಘಟನೆ ಹುಟ್ಟಿಕೊಂಡಿತು. ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸಂಸ್ಥಾನದ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸಮಿತಿಯ ವರದಿ 1919ರಲ್ಲಿ ಬಂತು. ಹಿಂದುಳಿದವರಿಗೆ ವಿದ್ಯಾರ್ಥಿವೇತನ ಕೊಡಬೇಕು, ಏಳು ವರ್ಷದೊಳಗೆ ಉನ್ನತ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಹಂತದ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಅವರಿಗೆ ಸಿಗುವಂತಾಗಬೇಕು ಎಂದು ಅದು ಹೇಳಿತು. ಭಾರತದಲ್ಲಿ ಮೀಸಲಾತಿಯ ಇತಿಹಾಸ ಬರೆಯುವವರು ಈ ವರದಿಯನ್ನು ಬಿಟ್ಟು ಬರೆಯಲಾರರು. ಕನ್ನಂಬಾಡಿ ಕಟ್ಟೆ ಕಟ್ಟಿಸಿದ, ನಾವೆಲ್ಲ ಕೈಮುಗಿಯುವ ದಿವಾನ್ ವಿಶ್ವೇಶ್ವರಯ್ಯನವರಿಗೆ ಹುದ್ದೆಗಳನ್ನು ಹೀಗೆ ಹಂಚುವುದು ಒಪ್ಪಿಗೆಯಾಗಲಿಲ್ಲ. ಅರ್ಹತೆಯೊಂದೇ ಅಳತೆಯಾಗಬೇಕು, ಶಿಕ್ಷಣ ಹಬ್ಬಿದರೆ ಎಲ್ಲರೂ ತಾವಾಗಿಯೇ ಮೇಲೆ ಬರುತ್ತಾರೆ ಎಂಬುದು ಅವರ ನಿಲುವು. ಅವರು ಅಧಿಕಾರ ಬಿಟ್ಟದ್ದಕ್ಕೆ ಈ ಭಿನ್ನಾಭಿಪ್ರಾಯವೂ ಒಂದು ಕಾರಣ ಎಂದು ಇತಿಹಾಸಕಾರರು ಬರೆಯುತ್ತಾರೆ.

ಇಬ್ಬರು ಮಿಲ್ಲರ್‌ಗಳ ನಡುವೆ ಅರವತ್ತೈದು ವರ್ಷಗಳ ಅಂತರ. ಇಬ್ಬರೂ ಎತ್ತಿದ ಪ್ರಶ್ನೆ ಹತ್ತಿರದ್ದೇ: ಒಬ್ಬ ಮನುಷ್ಯ ಏನು ಮಾಡಿದ, ಏನು ಮಾಡಲಾಗಲಿಲ್ಲ ಎನ್ನುವುದರಲ್ಲಿ ಅವನದೆಷ್ಟು, ಸುತ್ತಲಿನದೆಷ್ಟು?

ಇನ್ನೊಂದು ಅಪಾಯವನ್ನೂ ಹೇಳಬೇಕು. ಸಂದರ್ಭ ನೋಡುವ ಗುಣ ಕೆಲವು ಸಲ ತಪ್ಪನ್ನು ಮುಚ್ಚುವ ಕಂಬಳಿಯೂ ಆಗುತ್ತದೆ. ಮನೆಯಲ್ಲಿ ಹೆಂಡತಿಯ ಮೇಲೆ ಕೈಮಾಡುವವನನ್ನು ‘ಪಾಪ, ಆಫೀಸಿನಲ್ಲಿ ಟೆನ್ಷನ್’ ಎಂದು ಕ್ಷಮಿಸಿದ ಹಿರಿಯರನ್ನು ನಾನು ನೋಡಿದ್ದೇನೆ. ಆ ವಕೀಲನ ವಿಷಯಕ್ಕೆ ಬಂದರೂ ಅಷ್ಟೇ. ಅವನಿಗೆ ಕಕ್ಷಿದಾರ ಇದ್ದ, ಒಪ್ಪಿದೆ. ಡಾಕ್ಟರನ್ನು ಒಂದು ಮಾತು ಕೇಳಲು ಎರಡು ನಿಮಿಷ ಸಾಕಿತ್ತು. ಕಾರಣ ತಿಳಿಯುವುದು ಬೇರೆ, ಹೊಣೆ ಇಳಿಸಿಬಿಡುವುದು ಬೇರೆ. ಶಿಕಾಗೊದವರಿಂದ ನಾವು ಕಲಿಯಬೇಕಾದ್ದು ಇದು.

ಗ್ರೀನ್ಸ್‌ಬರೋದ ನಾಲ್ಕು ಕುರ್ಚಿ

ಇಲ್ಲಿಯವರೆಗೆ ಹೇಳಿದ್ದು ಬೇರೆಯವರ ಬಗ್ಗೆ ನಾವು ಹೇಗೆ ಯೋಚಿಸುತ್ತೇವೆ ಎಂಬ ಮಾತು. ಅಧ್ಯಾಯದ ಇನ್ನೊಂದು ಅರ್ಧ ಪ್ರಭಾವದ ಮಾತು. ಅದಕ್ಕೆ ಮತ್ತೆ ಡರ್ಹಂಗೆ ಬರೋಣ.

ಜೋನ್ಸ್ ಅವರು ಡ್ಯೂಕ್‌ನಲ್ಲಿ ಪಾಠ ಮಾಡುತ್ತಿದ್ದ ಆ ಕಾಲದಲ್ಲಿ, ಅದೇ ಊರಿನ ರಾಯಲ್ ಐಸ್‌ಕ್ರೀಮ್ ಪಾರ್ಲರ್‌ನಲ್ಲಿ ಬಿಳಿಯರಿಗೊಂದು ಕಡೆ, ಕರಿಯರಿಗೊಂದು ಕಡೆ. 1957ರ ಜೂನ್ 23ರಂದು ಪಾದ್ರಿ ಡಗ್ಲಸ್ ಮೂರ್ ಅವರ ಮುಂದಾಳುತನದಲ್ಲಿ ಏಳು ಜನ ಕರಿಯರು ಬಿಳಿಯರ ಕಡೆ ಹೋಗಿ ಕೂತರು. ಪೊಲೀಸರು ಬಂಧಿಸಿದರು, ಕೋರ್ಟು ದಂಡ ಹಾಕಿತು, ಮೇಲ್ಮನವಿಗಳೂ ಸೋತವು. ಆ ಸಾಹಸ ಅಲ್ಲಿಗೇ ನಿಂತಂತೆ ಕಂಡಿತು.

ಮೂರು ವರ್ಷ ಕಳೆಯುವಷ್ಟರಲ್ಲಿ, 1960ರ ಫೆಬ್ರವರಿ 1ರಂದು, ಇಲ್ಲಿಂದ ಒಂದು ಗಂಟೆಯ ದಾರಿಯ ಗ್ರೀನ್ಸ್‌ಬರೋದಲ್ಲಿ ನಾಲ್ಕು ಹುಡುಗರು ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಎಜೆಲ್ ಬ್ಲೇರ್ ಜೂನಿಯರ್, ಫ್ರಾಂಕ್ಲಿನ್ ಮೆಕೇನ್, ಜೋಸೆಫ್ ಮೆಕ್‌ನೀಲ್, ಡೇವಿಡ್ ರಿಚ್ಮಂಡ್. ಎಲ್ಲರೂ ಎ ಅಂಡ್ ಟಿ ಕಾಲೇಜಿನ ಮೊದಲ ವರ್ಷದವರು, ನಿಮ್ಮದೇ ವಯಸ್ಸು. ಕಾಫಿ ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಕದಲಲಿಲ್ಲ. ಮರುದಿನ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು, ವಾರ ಮುಗಿಯುವಷ್ಟರಲ್ಲಿ ನೂರಾರು. ಒಂದು ವಾರಕ್ಕೆ ಡರ್ಹಂನಲ್ಲೂ ಶುರುವಾಯಿತು. ಎರಡು ತಿಂಗಳೊಳಗೆ ದಕ್ಷಿಣದ ಹತ್ತಾರು ಊರುಗಳಿಗೆ ಹಬ್ಬಿತು. ಏಪ್ರಿಲ್‌ನಲ್ಲಿ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಸೇರಿ ತಮ್ಮದೇ ಸಂಘಟನೆ ಕಟ್ಟಿದರು. ಜುಲೈ 25ರಂದು ಗ್ರೀನ್ಸ್‌ಬರೋದ ಆ ಕೌಂಟರಿನಲ್ಲಿ ಕರಿಯರಿಗೂ ಊಟ ಬಡಿಸಿದರು. ಆ ಕಟ್ಟಡ ಈಗ ಮ್ಯೂಸಿಯಂ. ಕೌಂಟರಿನ ಒಂದು ಭಾಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್‌ನಲ್ಲಿದೆ. ಡಿಸಿ ಕಡೆಯ ಗೆಳೆಯರು ಹೋಗಿ ನೋಡಿ.

ಇದನ್ನು ಸಾಲೊಮನ್ ಆ್ಯಶ್ ಅವರ ಪ್ರಯೋಗದ ಪಕ್ಕದಲ್ಲಿಟ್ಟು ನೋಡಿ. 1950ರ ದಶಕದಲ್ಲಿ ಅವರು ಒಂದು ಗೆರೆ ತೋರಿಸಿ, ಮೂರು ಗೆರೆಗಳಲ್ಲಿ ಅದಕ್ಕೆ ಸಮನಾದದ್ದು ಯಾವುದು ಎಂದು ಕೇಳಿದರು. ಉತ್ತರ ಕಣ್ಣಿಗೆ ಹೊಡೆಯುವಂತಿತ್ತು. ಆದರೆ ಮೊದಲೇ ಹೇಳಿಟ್ಟ ಗುಂಪಿನವರೆಲ್ಲ ತಪ್ಪು ಉತ್ತರ ಕೊಟ್ಟಾಗ, ಏನೂ ಗೊತ್ತಿಲ್ಲದೆ ಬಂದವರು ಸುಮಾರು ಮೂರರಲ್ಲೊಂದು ಸಲ ಗುಂಪಿನ ಜೊತೆಗೇ ತಪ್ಪು ಹೇಳಿದರು. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳಿದರೆ ಆ ತಪ್ಪು ನೂರಕ್ಕೆ ಐದಾರರಷ್ಟಕ್ಕೆ ಇಳಿಯಿತು. ಜೊತೆಗೊಬ್ಬ ಸಾಕು.

ಗ್ರೀನ್ಸ್‌ಬರೋದ ಹುಡುಗರು ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಮಾತಾಡುತ್ತಿದ್ದ ಗೆಳೆಯರು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಇದ್ದಾನೆ ಎಂಬುದು ಅವರಿಗೆ ಎಷ್ಟು ಬಲ ಕೊಟ್ಟಿರಬೇಕು ಎಂದು ಊಹಿಸಬಹುದು. ಅವರು ಹುಟ್ಟುವೀರರು ಎಂದರೆ ನಾವು ಮತ್ತೆ ಅದೇ ಹಳೆಯ ತಪ್ಪು ಮಾಡಿದ ಹಾಗೆ. ಹಾಗೆ ಅಂದರೆ ‘ನಾನು ಹಾಗಲ್ಲ, ನನ್ನಿಂದ ಆಗದು’ ಎಂದು ನಮಗೆ ನಾವೇ ರಿಯಾಯಿತಿ ಕೊಟ್ಟುಕೊಳ್ಳುತ್ತೇವೆ. ಒಬ್ಬರ ಪಕ್ಕದಲ್ಲಿ ಹೋಗಿ ಕೂತರೆ ಅವರ ಪರಿಸ್ಥಿತಿಯೇ ಬದಲಾಗುತ್ತದೆ. ಇದು ಯಾರಿಂದಲಾದರೂ ಆಗುವ ಕೆಲಸ.

ಕೊನೆಗೆ

ಈಗ ನನ್ನ ಕಥೆಗೆ ಬರುತ್ತೇನೆ. ಸಂದರ್ಭ ನೋಡುವ ನಾಡಿನಲ್ಲಿ ಬೆಳೆದವಳು ನಾನು, ಆದರೂ ಆ ಹುಡುಗನ ವಿಷಯದಲ್ಲಿ ಒಂದು ನಿಮಿಷವೂ ‘ಏನಾಯಿತಪ್ಪ?’ ಎಂದು ಕೇಳಲಿಲ್ಲ. ‘ಇಲ್ಲಿ ಬೆಳೆದವರೇ ಹೀಗೆ’ ಎಂದೆ. ನೂರು ವರ್ಷದ ಹಿಂದೆ ‘ಅವರಿಗೆ ಓದು ಹತ್ತುವುದಿಲ್ಲ’ ಎಂದವರಿಗೂ ನನಗೂ ಆ ಗಳಿಗೆಯಲ್ಲಿ ವ್ಯತ್ಯಾಸ ಇರಲಿಲ್ಲ. ಅಲ್ಲಿದ್ದ ನಾಲ್ಕು ಜನರಲ್ಲಿ ಒಬ್ಬರಾದರೂ ‘ಇರಿ, ಅವನನ್ನು ಕೇಳೋಣ’ ಎಂದಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ಯಾರೂ ಅನ್ನಲಿಲ್ಲ. ಅವರೂ ಕೆಟ್ಟವರಲ್ಲ. ಸಿಟ್ಟಾದ ಆಂಟಿಯ ಎದುರು ಒಬ್ಬರೇ ಮಾತಾಡುವುದು ಅವರಿಗೂ ಕಷ್ಟ.

ವಿಷಯ ತಿಳಿದ ಮೇಲೆ ಅವನ ಅಮ್ಮನಿಗೆ ಫೋನ್ ಮಾಡಿ, ಅವನ ಹತ್ತಿರವೂ ಮಾತಾಡಿ, ತಪ್ಪಾಯಿತು ಎಂದು ಹೇಳಿದೆ. “ಇಟ್ಸ್ ಓಕೆ ಆಂಟಿ” ಅಂದ. ಆ ‘ಓಕೆ’ಯಲ್ಲಿ ಎಷ್ಟು ಓಕೆ ಇತ್ತೋ ನನಗೆ ತಿಳಿಯದು. ಈಗ ಅವನು ಕಾಲೇಜಿಗೆ ಹೋಗಿದ್ದಾನೆ. ನಾನು ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾರಾದರೂ ತಡವಾಗಿ ಬಂದರೆ ಮೊದಲ ಮಾತು ‘ಎಲ್ಲಾ ಸರಿ ಇದೆ ತಾನೇ?’ ಎಂದಿರಬೇಕು. ಕಾರಣ ಕೇಳಿದ ಮೇಲೆ, ಬೈಯಬೇಕಾದ್ದಿದ್ದರೆ ಬೈದರಾಯಿತು, ಅದೂ ಒಬ್ಬರನ್ನೇ ಕರೆದು.

ನಿಮ್ಮ ಹತ್ತಿರ ಎರಡು ಕನ್ನಡಕ ಇವೆ ಎಂದೆನಲ್ಲ, ಎರಡನ್ನೂ ಬಳಸಿ. ಬೇರೆಯವರು ತಪ್ಪಿದಾಗ ಮೈಸೂರಿನದನ್ನು ಮೊದಲು ಹಾಕಿಕೊಳ್ಳಿ. ನೀವೇ ತಪ್ಪಿದಾಗ ಶಿಕಾಗೊದ್ದು. ಯಾರನ್ನಾದರೂ ನಾಲ್ಕು ಜನ ಸೇರಿ ‘ಅವನೇ ಹಾಗೆ’ ಎಂದು ತೀರ್ಮಾನಿಸುತ್ತಿದ್ದರೆ, ‘ಇರಿ, ಅವನನ್ನು ಕೇಳೋಣ’ ಎನ್ನುವ ಆ ಒಬ್ಬರು ನೀವಾಗಿ. ಅದು ನಿಮ್ಮ ಅಮ್ಮನ ಮುಂದೆಯೇ ಆಗಲಿ, ನನ್ನಂಥ ಆಂಟಿಯ ಮುಂದೆಯೇ ಆಗಲಿ, ಹೆದರಬೇಡಿ.